ಆಮೆನ್ ಉಳಿದಿತ್ತು



ನಾನು ಆಲ್ದೂರಿನ ಕಡೆಯವಳು. ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನ ಕಡೆಗೆ ಹೊರಟರೆ, ವಸ್ತಾರೆ ದಾಟಿದ ಮೇಲೆ, ಒಟ್ಟು ಇಪ್ಪತ್ತು ಕಿಲೋಮೀಟರಿನ ಹೊತ್ತಿಗೆ ನಮ್ಮೂರು ಸಿಗುತ್ತದೆ. ರಸ್ತೆಯ ಎರಡೂ ಬದಿ ಕಾಫಿ. ಕಾಫಿಗೆ ನೆರಳು ಕೊಡುವ ದೊಡ್ಡ ಮರಗಳು. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಹೊಸಬರು ನೋಡಿದರೆ ಇಲ್ಲಿ ನೂರು ವರ್ಷದಿಂದ ಏನೂ ಬದಲಾಗಿಲ್ಲ ಅಂದುಕೊಳ್ಳುತ್ತಾರೆ. ಇಲ್ಲಿ ಬದುಕಿದವರಿಗೆ ಗೊತ್ತು, ಬದಲಾಗದೆ ಉಳಿದದ್ದು ಎಷ್ಟು ಕಡಿಮೆ ಅಂತ.

ಇವತ್ತು ನಾನು ಮಾತಾಡುವುದು ಬದಲಾವಣೆಯ ಭಯದ ಬಗ್ಗೆ. ಆ ಭಯವನ್ನು ನಮ್ಮ ಮನೆಯ ಮೂರು ತಲೆಮಾರು ಹೇಗೆ ದಾಟಿತು ಎನ್ನುವುದರ ಬಗ್ಗೆ. ನಾನು ಕ್ರೈಸ್ತಳು. ನನಗೆ ತಿಳಿದ ದಾರಿಯಿಂದಲೇ ಹೇಳಬೇಕಷ್ಟೆ. ಕೇಳುತ್ತಿರುವ ನಿಮ್ಮಲ್ಲಿ ಬಹಳ ಜನ ಬೇರೆ ದಾರಿಯಲ್ಲಿ ನಡೆಯುವವರು. ಆದರೆ ಭಯಕ್ಕೆ ಜಾತಿ ಮತ ಇಲ್ಲ. ಅದು ಎಲ್ಲರ ಮನೆಯ ಹಿತ್ತಲಲ್ಲೂ ಬಂದು ಕೂರುತ್ತದೆ.

ಮೊದಲು ಅಜ್ಜಿಯ ಕತೆ.

ಅಜ್ಜಿ ಕರಾವಳಿಯವಳು. ಬೆಳ್ತಂಗಡಿಯ ಕಡೆಯವಳು. ಮನೆಮಾತು ಕೊಂಕಣಿ. ಹೊರಗೆ ತುಳು. ಕನ್ನಡ ಅಷ್ಟಕ್ಕಷ್ಟೆ. ಅಜ್ಜನಿಗೆ ಘಟ್ಟದ ಮೇಲೆ ಒಂದು ಕಾಫಿ ತೋಟದಲ್ಲಿ ರೈಟರ ಕೆಲಸ ಸಿಕ್ಕಿತು. ತೋಟದ ರೈಟರು ಅಂದರೆ ಆಳುಗಳ ಹಾಜರಿ ಬರೆಯುವವರು, ಬಟವಾಡೆಯ ಲೆಕ್ಕ ಇಡುವವರು. 1940ರ ದಶಕದ ಮಾತು. ಆ ಕಾಲದಲ್ಲಿ ಕರಾವಳಿಯಿಂದ ಎಷ್ಟೋ ಕ್ರೈಸ್ತ ಕುಟುಂಬಗಳು ಹೀಗೆ ಘಟ್ಟ ಹತ್ತಿದವು. ರೈಟರಾಗಿ, ಮೇಸ್ತ್ರಿಯಾಗಿ, ಬಡಗಿಯಾಗಿ, ಆಳಾಗಿ.

ಘಟ್ಟ ಅಂದರೆ ಆಗ ಕೆಳಗಿನವರಿಗೆ ಜೀವಭಯ. ಕಾಡಿನ ಭಯ ಒಂದು ಪಾಲು. ಚಳಿಜ್ವರದ ಭಯ ಮೂರು ಪಾಲು. ಮಲೆನಾಡಿನ ಮಲೇರಿಯಾ ಮನೆಮನೆಯನ್ನೇ ಮಲಗಿಸುತ್ತಿದ್ದ ಕಾಲ ಅದು. ಅಜ್ಜಿಯ ತವರಿನಲ್ಲಿ ಅವಳನ್ನು ಕಳಿಸಿಕೊಟ್ಟದ್ದು ಮದುವೆಯಾಗಿ ಹೋಗುವವಳನ್ನು ಕಳಿಸಿದ ಹಾಗಿರಲಿಲ್ಲವಂತೆ. ಇನ್ನು ಕಾಣುತ್ತೇವೋ ಇಲ್ಲವೋ ಎನ್ನುವ ಹಾಗೆ ಅತ್ತರಂತೆ.

ಅವಳು ಏನು ತಂದಳು? ಒಂದು ಟ್ರಂಕು. ಒಂದು ಜಪಮಾಲೆ. ಮತ್ತೆ ಮೊಂತಿ ಹಬ್ಬ.

ಮೊಂತಿ ಹಬ್ಬ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸೆಪ್ಟೆಂಬರ್ 8, ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಕರಾವಳಿಯ ಕ್ರೈಸ್ತರಿಗೆ ಅದೇ ಹೊಸ ಅಕ್ಕಿಯ ಹಬ್ಬ. ಹಬ್ಬಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ಹೊಸ ತೆನೆ ಮಂತ್ರಿಸುತ್ತಾರೆ. ಮನೆಗೊಂದು ತೆನೆ. ಅದರ ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ ಮನೆಮಂದಿಯೆಲ್ಲ ಕೂತು ತಿನ್ನುತ್ತಾರೆ. ಅವತ್ತು ಮೀನಿಲ್ಲ, ಮಾಂಸವಿಲ್ಲ. ಬರೀ ತರಕಾರಿ ಊಟ.

ಈಗ ತೊಂದರೆ ಏನು ನೋಡಿ. ಕರಾವಳಿಯಲ್ಲಿ ಸೆಪ್ಟೆಂಬರಿಗೆ ಗದ್ದೆ ತೆನೆ ಬಿಡುತ್ತದೆ. ಘಟ್ಟದ ಮೇಲೆ ಬಿಡುವುದಿಲ್ಲ. ನಮ್ಮಲ್ಲಿ ಆ ಹೊತ್ತಿಗೆ ಗದ್ದೆ ಇನ್ನೂ ಹಸಿರು. ಮಳೆ ಇನ್ನೂ ಬಿಟ್ಟಿರುವುದಿಲ್ಲ. ಹೊಸ ತೆನೆಯ ಹಬ್ಬಕ್ಕೆ ತೆನೆಯೇ ಇಲ್ಲ.

ಮೊದಲ ವರ್ಷ ಅಜ್ಜಿ ಇದಕ್ಕೇ ಅತ್ತದ್ದು. ಜ್ವರಕ್ಕಲ್ಲ, ಇಂಬಳಕ್ಕಲ್ಲ, ಒಬ್ಬಂಟಿತನಕ್ಕೂ ಅಲ್ಲ. ತೆನೆ ಇಲ್ಲದ ಹಬ್ಬಕ್ಕೆ. ನಾವು ಬಂದ ಜಾಗಕ್ಕೆ ನಮ್ಮ ದೇವರು ಬಂದಿಲ್ಲವೇನೋ ಎಂದು ಅವಳಿಗೆ ಅನಿಸಿತಂತೆ. ಆ ಮಾತನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ.

ಆ ವರ್ಷ ಅವಳು ಮನೆಯಲ್ಲಿದ್ದ ಹಳೆ ಅಕ್ಕಿಯನ್ನೇ ಪಾಯಸ ಮಾಡಿದಳು. ಪಕ್ಕದ ಕೂಲಿ ಲೈನಿನಲ್ಲಿದ್ದ ತಮಿಳು ಕ್ರೈಸ್ತ ಮನೆಯವರನ್ನು ಕರೆದಳು. ಅವರಿಗೆ ಮೊಂತಿ ಹಬ್ಬ ಗೊತ್ತಿಲ್ಲ. ಆದರೆ ಮರಿಯಮ್ಮ ಗೊತ್ತು. ಅವರಿಗೆ ಅದೇ ದಿನ ವೇಳಾಂಗಣಿಯ ಹಬ್ಬ. ಅದೇ ಸೆಪ್ಟೆಂಬರ್ 8. ಇವಳಿಗೆ ತೆನೆಯ ಹಬ್ಬ, ಅವರಿಗೆ ವೇಳಾಂಗಣಿ ಮಾತೆಯ ಹಬ್ಬ. ಎರಡು ಮನೆಯವರೂ ಒಂದೇ ಪಾಯಸ ತಿಂದರು. ಮುಂದಿನ ವರ್ಷದಿಂದ ಕೆಳಗೆ ಊರಿಗೆ ಹೋದವರು ಯಾರಾದರೂ ಒಂದು ಕಟ್ಟು ತೆನೆ ತರುವುದು ರೂಢಿಯಾಯಿತು. ತರುವವರಿಲ್ಲದ ವರ್ಷ ಹಳೆ ಅಕ್ಕಿಯೇ. ಹಬ್ಬ ನಿಲ್ಲಲಿಲ್ಲ.

ಇಲ್ಲೊಂದು ಮಾತು ಹೇಳಬೇಕು. ಬೈಬಲಿನಲ್ಲಿ ಇಸ್ರಾಯೇಲ್ ಜನ ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾಗಿ ಮರಳುಗಾಡಿಗೆ ಬರುತ್ತಾರೆ. ಬಂದ ಮೇಲೆ ಏನು ನೆನೆಸಿಕೊಂಡು ಅಳುತ್ತಾರೆ ಗೊತ್ತೇ? ಈಜಿಪ್ಟಿನ ಮೀನು. ಸೌತೆಕಾಯಿ. ಈರುಳ್ಳಿ, ಬೆಳ್ಳುಳ್ಳಿ. ಬೆನ್ನಿಗೆ ಏಟು ಬಿದ್ದ ಊರಿನ ಈರುಳ್ಳಿ! ಚಿಕ್ಕವಳಿದ್ದಾಗ ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಹೊಸ ಜಾಗದಲ್ಲಿ ಮನುಷ್ಯ ಮೊದಲು ಹುಡುಕುವುದು ನಾಲಗೆಗೆ ಪರಿಚಯದ ರುಚಿಯನ್ನೇ. ಅಜ್ಜಿಗೆ ತೆನೆ ಹೇಗೋ, ಅವರಿಗೆ ಈರುಳ್ಳಿ ಹಾಗೆ. ಭಯಪಟ್ಟವರನ್ನು ದೇವರು ಅಲ್ಲಿ ಕೈಬಿಡಲಿಲ್ಲ. ಬೇರೆ ಆಹಾರ ಕೊಟ್ಟರು. ಆ ಆಹಾರದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈವರೆಗೆ ಹೇಳಿದ್ದು ಇಷ್ಟು. ಅಜ್ಜಿ ಘಟ್ಟ ಹತ್ತಿದಳು. ಹತ್ತಿದ ಮೇಲೆ ಅವಳ ಹಬ್ಬದಿಂದ ತೆನೆ ಜಾರಿಹೋಯಿತು, ಹಬ್ಬ ಉಳಿಯಿತು. ಅದು ಅವಳ ಮೊದಲ ಬದಲಾವಣೆ. ಇನ್ನೊಂದು ಬದಲಾವಣೆ ಇಪ್ಪತ್ತು ವರ್ಷದ ಮೇಲೆ ಬಂತು. ಅದನ್ನು ನಾನೇ ಕಣ್ಣಾರೆ ಕಂಡೆ. ಈ ಸಲ ಬದಲಾದದ್ದು ಊರಲ್ಲ. ಪೂಜೆಯ ಭಾಷೆ.

1963ನೇ ಇಸವಿ. ಅಲ್ಲಿಯವರೆಗೆ ನಮ್ಮ ಕಾಫಿ ಬೆಟ್ಟದ ಕಥೋಲಿಕ ಚರ್ಚುಗಳು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದವು. ಆ ವರ್ಷ ನವೆಂಬರಿನಲ್ಲಿ ಚಿಕ್ಕಮಗಳೂರು ಬೇರೆ ಧರ್ಮಪ್ರಾಂತ್ಯವಾಯಿತು. ಚಿಕ್ಕಮಗಳೂರು, ಹಾಸನ, ಶಿವಮೊಗ್ಗ ಮೂರೂ ಕಡೆ ಅದರ ವ್ಯಾಪ್ತಿ. ಶಿವಮೊಗ್ಗ ಬೇರೆಯಾದದ್ದು ಆಮೇಲೆ, 1988ರಲ್ಲಿ. ಮೊದಲ ಬಿಷಪರಾಗಿ ಬಂದವರು ಅಲ್ಫೋನ್ಸಸ್ ಮಥಾಯಸ್. ಉಡುಪಿ ಹತ್ತಿರದ ಪಾಂಗಾಳದವರು. ಆಗ ಅವರ ವಯಸ್ಸು 35. ಕರಾವಳಿಯಿಂದ ಘಟ್ಟ ಹತ್ತಿದವರ ಸಾಲಿನಲ್ಲಿ ಅವರೂ ಒಬ್ಬರು ಅಂತ ನಮ್ಮ ಅಜ್ಜಿಗೆ ಬಹಳ ಹೆಮ್ಮೆ. 2024ರಲ್ಲಿ, 96ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ನನಗೆ ಮೊದಲು ನೆನಪಾದದ್ದು ಅಜ್ಜಿಯ ಆ ಹೆಮ್ಮೆಯ ಮುಖವೇ.

ಅದೇ ಹೊತ್ತಿಗೆ ರೋಮಿನಲ್ಲಿ ಒಂದು ಮಹಾಸಭೆ ನಡೆಯುತ್ತಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ. 1962ರಿಂದ 1965ರವರೆಗೆ ನಡೆಯಿತು. ಲೋಕದ ಎಲ್ಲ ಕಡೆಯ ಬಿಷಪರು, ಎರಡು ಸಾವಿರಕ್ಕೂ ಹೆಚ್ಚು ಜನ, ಅಲ್ಲಿ ಕೂತು ಚರ್ಚೆ ಮಾಡಿದರು. ಸಭೆಯ ಕೊನೆಯ ಹಂತದಲ್ಲಿ ನಮ್ಮ ಈ ಕಿರಿಯ ಬಿಷಪರೂ ಅಲ್ಲಿದ್ದರು. ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿ ಮೂರು ವಾರ ಕಳೆಯುವುದರೊಳಗೆ, 1963ರ ಡಿಸೆಂಬರ್ 4ರಂದು, ಆ ಸಭೆ ಆರಾಧನೆಯ ಬಗ್ಗೆ ತನ್ನ ತೀರ್ಮಾನ ಹೊರಡಿಸಿತು. ಪೂಜೆಯಲ್ಲಿ ಆಯಾ ಜನರ ಭಾಷೆ ಬಳಸಲು ಬಾಗಿಲು ತೆರೆಯಿತು.

ಅಲ್ಲಿಯವರೆಗೆ ನಮ್ಮ ಪೂಜೆ ಲ್ಯಾಟಿನ್ ಭಾಷೆಯಲ್ಲಿ. ರೋಮಿನಲ್ಲೂ ಲ್ಯಾಟಿನ್, ಆಲ್ದೂರಿನಲ್ಲೂ ಲ್ಯಾಟಿನ್. ನಮ್ಮ ಪ್ರೊಟೆಸ್ಟೆಂಟ್ ಬಂಧುಗಳಿಗೆ ಬಳ್ಳಾರಿಯ ಮಿಷನರಿಗಳ ದುಡಿಮೆಯಿಂದ 1830ರ ದಶಕದ ಆರಂಭದಲ್ಲೇ ಇಡೀ ಬೈಬಲ್ ಕನ್ನಡದಲ್ಲಿ ಸಿಕ್ಕಿತ್ತು. ನಾವು ಮಾತ್ರ ಪೂಜೆಯಲ್ಲಿ ಅರ್ಥವಾಗದ ಭಾಷೆಗೆ ಮಂಡಿಯೂರಿದ್ದೆವು.

ಆ ಹಳೆಯ ಪೂಜೆ ಹೇಗಿತ್ತು? ನೀವು ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳಿ. ಫಾದರ್ ನಮಗೆ ಬೆನ್ನು ಹಾಕಿ, ಪೀಠದ ಕಡೆಗೆ ತಿರುಗಿ ನಿಂತಿದ್ದಾರೆ. ಬಹುಪಾಲು ಮಾತು ಮೆಲ್ಲಗೆ, ತಮಗೆ ತಾವೇ ಹೇಳಿಕೊಂಡ ಹಾಗೆ. ಇದ್ದಕ್ಕಿದ್ದ ಹಾಗೆ ಗಂಟೆಯ ಸದ್ದು. ಎಲ್ಲರ ತಲೆ ಬಾಗುತ್ತದೆ. ಹಿಂದೆ ಹೆಂಗಸರ ಸಾಲಿನಲ್ಲಿ ಜಪಮಾಲೆಯ ಮಣಿ ಸರಿಯುವ ಸಣ್ಣ ಸದ್ದು. ಅಜ್ಜಿಗೆ ಲ್ಯಾಟಿನ್‌ನಲ್ಲಿ ಒಂದಕ್ಷರ ಗೊತ್ತಿಲ್ಲ. ಆದರೆ ಯಾವ ದನಿಗೆ ಏಳಬೇಕು, ಯಾವ ದನಿಗೆ ಮಂಡಿಯೂರಬೇಕು, ಎಲ್ಲ ಗೊತ್ತು. ಅವಳ ಪಾಲಿಗೆ ಅದು ದೇವರ ಸ್ವಂತ ಭಾಷೆ. ಅರ್ಥವಾಗಬೇಕಾದ್ದೇ ಇಲ್ಲ.

ನನಗೆ ಆಗ ಎಂಟು ವರ್ಷ. ಒಂದು ಭಾನುವಾರ ಹೋದರೆ ಪೀಠ ಮುಂದಕ್ಕೆ ಬಂದಿದೆ. ಫಾದರ್ ನಮ್ಮ ಕಡೆಗೆ ಮುಖ ಮಾಡಿ ನಿಂತಿದ್ದಾರೆ. ಮಾತು ಕನ್ನಡ! ನನಗೆ ಸಂತೋಷ. ಶಾಲೆಯ ಭಾಷೆಯಲ್ಲಿ ದೇವರ ಹತ್ತಿರ ಮಾತಾಡಬಹುದು ಅಂತ. ಪಕ್ಕದಲ್ಲಿ ಅಜ್ಜಿಯ ಕೈ ನಡುಗುತ್ತಿತ್ತು.

ಪೂಜೆ ಮುಗಿಸಿ ಮನೆಗೆ ಎರಡು ಮೈಲಿ ನಡಿಗೆ. ಅರ್ಧ ದಾರಿ ಅವಳು ಮಾತೇ ಆಡಲಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಫಾದರ್ ನಮ್ಮ ಕಡೆ ನೋಡ್ತಾ ನಿಂತ್ರೆ, ದೇವರ ಕಡೆ ನೋಡೋರು ಯಾರು?"

ಎಂಟು ವರ್ಷದವಳು ನಾನೇನು ಉತ್ತರ ಕೊಡಲಿ? ಅಪ್ಪನೂ ಸುಮ್ಮನಿದ್ದ. ಅದು ಮೊಂಡುತನದ ಪ್ರಶ್ನೆಯಲ್ಲ, ನೋವಿನ ಪ್ರಶ್ನೆ. ಮೇಲಾಗಿ, ಬಂದದ್ದು ಅವಳ ಕೊಂಕಣಿಯೂ ಅಲ್ಲ. ನಮ್ಮ ಚರ್ಚಿನ ಬೆಂಚುಗಳಲ್ಲಿ ಕೊಂಕಣಿಯವರು, ತಮಿಳಿನವರು, ತುಳುವಿನವರು, ಕನ್ನಡದವರು ಎಲ್ಲ ಕೂರುತ್ತಿದ್ದೆವು. ಎಲ್ಲರಿಗೂ ನಡುವೆ ಸಿಗುವ ಭಾಷೆ ಕನ್ನಡವೇ. ಘಟ್ಟ ಹತ್ತಿದಾಗ ತೆನೆ ಹೋಯಿತು, ಈಗ ದೇವರ ಭಾಷೆಯೂ ಹೋಯಿತು ಎಂದು ಅವಳಿಗೆ ಅನಿಸಿರಬೇಕು.

ಬದಲಾವಣೆ ಅಲ್ಲಿಗೇ ನಿಲ್ಲಲಿಲ್ಲ. 1969ರಲ್ಲಿ ಭಾರತದ ಚರ್ಚುಗಳಿಗೆ ಇನ್ನೂ ಹನ್ನೆರಡು ವಿಷಯಗಳಲ್ಲಿ ರೋಮಿನಿಂದ ಒಪ್ಪಿಗೆ ಬಂತು. ಪೂಜೆಗೆ ನೆಲದ ಮೇಲೆ ಕೂರಬಹುದು. ಚಪ್ಪಲಿ ಬಿಟ್ಟು ಬರಬಹುದು. ಮಂಡಿಯೂರುವ ಬದಲು ಕೈಮುಗಿದು ತಲೆಬಾಗಬಹುದು. ಮೇಣದ ಬತ್ತಿಯ ಜಾಗದಲ್ಲಿ ಎಣ್ಣೆಯ ದೀಪ ಹಚ್ಚಬಹುದು. ಆರತಿ ಎತ್ತಬಹುದು. ಬೆಂಗಳೂರಿನಲ್ಲಿ ಫಾದರ್ ಅಮಲೋರ್ಪವದಾಸ್ ಅವರ ಮುಂದಾಳತ್ವದ ರಾಷ್ಟ್ರೀಯ ಕೇಂದ್ರ ಇದನ್ನೆಲ್ಲ ಊರೂರಿಗೆ ತಿಳಿಹೇಳಿತು. ದೇಶದ ಹಲವು ಕಡೆ ಇದಕ್ಕೆ ಬಲವಾದ ವಿರೋಧವೂ ಬಂತು. ವಿರೋಧಿಸಿದವರನ್ನು ನಾನು ಹಗುರವಾಗಿ ಕಾಣಲಾರೆ. ಅವರಲ್ಲಿ ಎಷ್ಟೋ ಜನ ನನ್ನ ಅಜ್ಜಿಯ ಹಾಗೆ ಪ್ರೀತಿಸಿದ್ದನ್ನು ಕಳೆದುಕೊಳ್ಳುವ ಸಂಕಟದಲ್ಲಿದ್ದವರು.

ಹಾಗೆ ನೋಡಿದರೆ ಕ್ರೈಸ್ತ ಸಭೆಯ ಮೊದಲ ದೊಡ್ಡ ಜಗಳವೂ ಇಂಥದ್ದೇ. ಯೇಸುಸ್ವಾಮಿಯ ಶಿಷ್ಯರೆಲ್ಲ ಯೆಹೂದ್ಯರು. ಅವರಿಗೆ ತಿನ್ನುವುದರಲ್ಲಿ, ಮುಟ್ಟುವುದರಲ್ಲಿ ಕಟ್ಟುನಿಟ್ಟಿನ ನೇಮ. ಬೇರೆ ಜನಾಂಗದವರು ಯೇಸುವನ್ನು ನಂಬಿ ಬಂದಾಗ ಏನು ಮಾಡಬೇಕು? ಅವರೂ ನಮ್ಮ ನೇಮ ಹಿಡಿಯಲಿ ಅಂದರು ಕೆಲವರು. ಬೇಡ ಅಂದರು ಕೆಲವರು. ಹೆಚ್ಚುಕಡಿಮೆ ಕ್ರಿ.ಶ. 50ರ ಹೊತ್ತಿಗೆ ಜೆರುಸಲೇಮಿನಲ್ಲಿ ಸೇರಿ ವಾದ ಮಾಡಿದರು. ಕೊನೆಗೆ ಬಂದವರ ಮೇಲೆ ಭಾರ ಹೊರಿಸುವುದು ಬೇಡ ಅಂತ ತೀರ್ಮಾನವಾಯಿತು. ಅವರೂ ಹೆದರಿದ್ದರು. ಹೆದರಿದವರು ಎದ್ದು ಹೋಗಲಿಲ್ಲ. ಕೂತು ಮಾತಾಡಿದರು. ನನಗೆ ಬೈಬಲಿನ ಆ ಅಧ್ಯಾಯದಲ್ಲಿ ಬಹಳ ಹಿಡಿಸುವುದು ಅದೇ.

ಅಜ್ಜಿಯ ವಿಷಯಕ್ಕೆ ಮರಳುತ್ತೇನೆ. ಅವಳು ಚರ್ಚು ಬಿಡಲಿಲ್ಲ. ವಾರ ವಾರ ಹೋದಳು. ತುಟಿ ಬಿಗಿದುಕೊಂಡೇ ಹೋದಳು. ಕನ್ನಡದ ಉತ್ತರಗಳನ್ನು ಹೇಳುತ್ತಿರಲಿಲ್ಲ. ಜಪಮಾಲೆ ಹಿಡಿದು ತನ್ನ ಪಾಡಿಗೆ ಇರುತ್ತಿದ್ದಳು. ಹೀಗೆ ಎಷ್ಟು ತಿಂಗಳು ಕಳೆಯಿತೋ. ಒಂದು ಭಾನುವಾರ ಮಳೆ ಜೋರು. ಹೆಂಚಿನ ಮೇಲೆ ಮಳೆಯ ಸದ್ದಿಗೆ ಫಾದರ್ ಹೇಳುವುದು ಏನೂ ಕೇಳಿಸದು. ಕನ್ನಡವೋ ಲ್ಯಾಟಿನ್ನೋ ಒಂದೂ ತಿಳಿಯದು. ಆ ಸದ್ದಿನ ನಡುವೆ ಇಡೀ ಚರ್ಚು ಒಟ್ಟಿಗೆ "ಆಮೆನ್" ಅಂದಿತು. ಅಜ್ಜಿಯೂ ಅಂದಳು. ಪಕ್ಕದಲ್ಲಿದ್ದ ನನಗೆ ಕೇಳಿಸಿತು.

ದಾರಿಯಲ್ಲಿ ಕೊಡೆ ನನ್ನ ಕಡೆಗೆ ಬಾಗಿಸಿ ಅಂದಳು: "ಆಮೆನ್ ಬದ್ಲಾಗ್ಲಿಲ್ಲ ನೋಡು ಮಗ."

ನಿಜ. ಲ್ಯಾಟಿನ್ ಪೂಜೆಯಲ್ಲೂ ಆಮೆನ್. ಕನ್ನಡದ ಪೂಜೆಯಲ್ಲೂ ಆಮೆನ್. ಕೊಂಕಣಿಯಲ್ಲಿ, ತಮಿಳಿನಲ್ಲಿ, ತುಳುವಿನಲ್ಲಿ, ಎಲ್ಲೆಲ್ಲೂ ಅದೇ. ಆಮೆನ್ ಲ್ಯಾಟಿನ್ ಅಲ್ಲವೇ ಅಲ್ಲ. ಅದು ಹೀಬ್ರೂ ಮಾತು. ಯೇಸುಸ್ವಾಮಿಯ ಬಾಯಲ್ಲೇ ಇದ್ದ ಮಾತು. ಹಾಗೇ ಆಗಲಿ ಅಂತ ಅದಕ್ಕೆ ಅರ್ಥ ಹೇಳುತ್ತೇವೆ. ಅದರ ಬೇರು ಇನ್ನೂ ಆಳಕ್ಕಿದೆ. ಗಟ್ಟಿಯಾಗಿ ನಿಲ್ಲುವುದು, ನೆಚ್ಚಿಕೊಳ್ಳಲು ಆಗುವಂಥದ್ದು ಅಂತ ಆ ಬೇರಿನ ಅರ್ಥ. ಹೀಬ್ರೂ ಭಾಷೆಯಲ್ಲಿ ನಂಬಿಕೆ ಎನ್ನುವ ಮಾತು ಹುಟ್ಟಿದ್ದೂ ಅದೇ ಬೇರಿನಿಂದ. ಇದೆಲ್ಲ ನಾನು ಬಹಳ ವರ್ಷದ ಮೇಲೆ ಓದಿ ತಿಳಿದದ್ದು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಮಳೆಯ ಸದ್ದಿನಲ್ಲಿ ಅವಳಿಗೆ ಅದು ತಾನಾಗಿ ತಿಳಿಯಿತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಬದಲಾವಣೆಗೆ ಮೊದಲು ಅಜ್ಜಿಯನ್ನು ಕೇಳಿದ್ದರೆ, ಲ್ಯಾಟಿನ್ ಇಲ್ಲದಿದ್ದರೆ ಪೂಜೆಯೇ ಇಲ್ಲ ಅನ್ನುತ್ತಿದ್ದಳು. ತೆನೆ ಇಲ್ಲದಿದ್ದರೆ ಹಬ್ಬವೇ ಇಲ್ಲ ಅಂದುಕೊಂಡಿದ್ದವಳು ಅವಳು. ಯಾವುದು ತೊಗಟೆ, ಯಾವುದು ತಿರುಳು, ಮನೆಯಲ್ಲಿ ಕೂತು ಯೋಚಿಸಿದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ದಾಟಿದ ಮೇಲೇ ಗೊತ್ತಾದದ್ದು. ಭಯ ಹೋದ ಮೇಲೆ ನಡೆಯೋಣ ಅಂತ ನಾವು ಕಾಯುತ್ತೇವೆ. ಅಜ್ಜಿ ಭಯ ಇಟ್ಟುಕೊಂಡೇ ವಾರ ವಾರ ಎರಡು ಮೈಲಿ ನಡೆದಳು.

ಇನ್ನು ಅಪ್ಪನ ಕತೆ. ಇದು ಕಾಫಿ ಗಿಡದ ಕತೆ.

ಅಜ್ಜ ರೈಟರ ಕೆಲಸದಲ್ಲಿ ಉಳಿಸಿದ ಹಣದಿಂದ ಕೊನೆಗಾಲಕ್ಕೆ ನಾಲ್ಕೆಕರೆ ಜಾಗ ಮಾಡಿದ್ದರು. ಅದಕ್ಕೆ ತಾವೇ ನಿಂತು ಅರೇಬಿಕಾ ಹಾಕಿಸಿದರು. ಎಸ್. 795 ತಳಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಬೆಳೆಸಿದ ತಳಿ. ಅದು ನಮ್ಮ ಬೆಟ್ಟದವರಿಗೆ ಮನೆಮಗಳ ಹಾಗೆ. ಅಪ್ಪನಿಗೆ ಆ ಗಿಡಗಳೆಂದರೆ ಅಜ್ಜನೇ.

ಆ ಗಿಡಕ್ಕೆ ಬೋರರ್ ಬಿತ್ತು. ಬಿಳಿ ಕಾಂಡಕೊರಕ. ತೋಟದವರಿಗೆ ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಒಂದು ಸಣ್ಣ ದುಂಬಿ ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಕಾಂಡದ ಒಳಗೆ ಕೊರೆಯುತ್ತಾ ಹೋಗುತ್ತದೆ. ತಿಂಗಳುಗಟ್ಟಲೆ ಒಳಗೇ ಇರುತ್ತದೆ. ಹೊರಗೆ ಕಾಂಡದ ಮೇಲೆ ಕೈಯಾಡಿಸಿದರೆ ಉಬ್ಬಿದ ನರದ ಹಾಗೆ ಗೆರೆ ಸಿಗುತ್ತದೆ. ಎಲೆ ಹಳದಿಗೆ ತಿರುಗುತ್ತದೆ. ಗಿಡ ನಿಂತೇ ಇರುತ್ತದೆ. ಹಣ್ಣೂ ನಾಲ್ಕು ಬಿಡುತ್ತದೆ. ಆದರೆ ಒಳಗೆ ಟೊಳ್ಳು.

ಅದಕ್ಕೆ ನಂಬುವಂಥ ಉಪಾಯ ಒಂದೇ. ದುಂಬಿ ಹೊರಗೆ ಹಾರುವ ಮೊದಲು ಅಂಥ ಗಿಡ ಗುರುತು ಮಾಡಿ ಬುಡಸಮೇತ ಕಿತ್ತು ಸುಡಬೇಕು. ಮಾರ್ಚಿನಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ. ಬಿಟ್ಟರೆ ಪಕ್ಕದ ಗಿಡಕ್ಕೆ. ಅಲ್ಲಿಂದ ಪಕ್ಕದ ತೋಟಕ್ಕೆ.

ಅಪ್ಪ ಕೀಳಲಿಲ್ಲ. ಇನ್ನೊಂದು ಮಳೆ ನೋಡೋಣ ಅಂದ. ನಾಲ್ಕು ಹಣ್ಣು ಬಿಡುತ್ತಲ್ಲ ಅಂದ. ಮುಂದಿನ ವರ್ಷಕ್ಕೆ ಹತ್ತರಲ್ಲಿ ಮೂರು ಗಿಡ ಹಿಡಿದಿತ್ತು. ಕಿತ್ತರೆ ಏನು ಉಳಿಯುತ್ತದೋ ಎನ್ನುವ ಭಯಕ್ಕೆ, ಉಳಿಯಬಹುದಾಗಿದ್ದೂ ಹೋಯಿತು.

ಮಾರ್ಚ್ ತಿಂಗಳು ನಮಗೆ ತಪಸ್ಸುಕಾಲವೂ ಹೌದು. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ. ಶುಕ್ರವಾರ ಶುಕ್ರವಾರ ಶಿಲುಬೆಯ ಹಾದಿಯ ಪ್ರಾರ್ಥನೆ. ಅಂಥ ಒಂದು ಶುಕ್ರವಾರ ಫಾದರ್ ಗೆತ್ಸೆಮನಿ ತೋಟದ ಬಗ್ಗೆ ಮಾತಾಡಿದರು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸುಸ್ವಾಮಿ ಆ ತೋಟದಲ್ಲಿ ಬೆವತು ನಡುಗಿದರು. ಆಗುವುದಾದರೆ ಇದು ತಪ್ಪಿಹೋಗಲಿ ಎಂದು ತಂದೆಯನ್ನು ಬೇಡಿದರು. ಬೇಡಿ, ಆಮೇಲೆ ಎದ್ದು ಎದುರು ನಡೆದರು.

ಮನೆಗೆ ಬಂದು ಅಪ್ಪ ಅಂದದ್ದು ನನಗೆ ನೆನಪಿದೆ. "ಸ್ವಾಮಿಗೇ ಹೆದ್ರಿಕೆ ಆಗಿತ್ತಲ್ಲ. ನಂಗೆ ಆದ್ರೆ ಏನು ತಪ್ಪು?" ಅಲ್ಲಿಯವರೆಗೆ ಅಪ್ಪ ತನ್ನ ಭಯವನ್ನು ನಂಬಿಕೆಯ ಕೊರತೆ ಅಂದುಕೊಂಡಿದ್ದ. ಅದಕ್ಕೇ ಯಾರಿಗೂ ಹೇಳುತ್ತಿರಲಿಲ್ಲ. ಭಯ ಪಾಪವಲ್ಲ ಅಂತ ಗೊತ್ತಾದ ದಿನ ಅವನ ಹೆಗಲ ಭಾರ ಸ್ವಲ್ಪ ಇಳಿಯಿತು.

ಮರುದಿನ ಪಿಕಾಸಿ ತಗೊಂಡು ಹೊರಟ. ಇವತ್ತು ಒಂದು ಸಾಲು ಅಂದ. ನಾಳೆಯ ಸಾಲು ನಾಳೆಗೆ.

ಈಗ ಆಗಲೇ ಬಿಟ್ಟಿದ್ದ ಆಹಾರದ ಮಾತಿಗೆ ಬರುತ್ತೇನೆ. ಮರಳುಗಾಡಿನಲ್ಲಿ ದೇವರು ಆ ಜನಕ್ಕೆ ಕೊಟ್ಟ ಆಹಾರಕ್ಕೆ ಮನ್ನ ಅಂತ ಹೆಸರು. ಬೆಳಿಗ್ಗೆ ನೆಲದ ಮೇಲೆ ಬಿದ್ದಿರುತ್ತಿತ್ತು. ಅವತ್ತಿಗೆ ಬೇಕಾದಷ್ಟೇ ಆರಿಸಬೇಕು. ನಾಳೆ ಸಿಗುತ್ತೋ ಇಲ್ಲವೋ ಅಂತ ಹೆದರಿ ಹೆಚ್ಚು ಕೂಡಿಟ್ಟವರ ಪಾತ್ರೆಯಲ್ಲಿ ಮರುದಿನಕ್ಕೆ ಹುಳ. ವಿಶ್ರಾಂತಿ ದಿನದ ಹಿಂದಿನ ದಿನ ಮಾತ್ರ ಎರಡು ದಿನದ್ದು ಆರಿಸಬಹುದಿತ್ತು. ಹೀಗೆ ನಲವತ್ತು ವರ್ಷ. ದಿನಗೂಲಿಯ ಮನೆಗಳಲ್ಲಿ ಬೆಳೆದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಇಡೀ ನಾಲ್ಕೆಕರೆ ಕೀಳುವ ಧೈರ್ಯ ಅಪ್ಪನಿಗೆ ಒಂದು ದಿನವೂ ಬರಲಿಲ್ಲ. ಒಂದು ಸಾಲಿನ ಧೈರ್ಯ ದಿನಾ ಬಂತು.

ಕಿತ್ತ ಜಾಗದ ಕೆಳಗಿನ ಭಾಗಕ್ಕೆ ರೊಬಸ್ಟಾ ಎನ್ನುವ ಬೇರೆ ಜಾತಿಯ ಕಾಫಿ ಹಾಕಿದ. ಕಾಂಡಕೊರಕ ಅದರ ತಂಟೆಗೆ ಸಾಮಾನ್ಯವಾಗಿ ಬರುವುದಿಲ್ಲ. ಆಗ ರೊಬಸ್ಟಾ ಅಂದರೆ ನಮ್ಮವರಿಗೆ ಒಂದು ಮೆಟ್ಟಿಲು ಕೆಳಗೆ. ಅರೇಬಿಕಾ ತೋಟದವನು ರೊಬಸ್ಟಾ ಹಾಕಿದ ಅಂತ ಜನ ಆಡಿಕೊಂಡರು.

ಹಾಗಂತ ಬಂದ ಬದಲಾವಣೆಗೆಲ್ಲ ಅಪ್ಪ ತಲೆಬಾಗಿದ ಅಂದುಕೊಳ್ಳಬೇಡಿ. ಇದನ್ನು ಒತ್ತಿ ಹೇಳಬೇಕು. ಕಾಡುಮರ ಎಲ್ಲ ಕಡಿದು ಬರೀ ಸಿಲ್ವರ್ ಮರ ನೆಡು, ಬಿಸಿಲು ಬರುತ್ತೆ, ಮರ ಮಾರಿದರೆ ಹಣ ಬರುತ್ತೆ ಅಂತ ಬೇಕಾದಷ್ಟು ಜನ ಹೇಳಿದರು. ಅಪ್ಪ ಒಪ್ಪಲಿಲ್ಲ. ಮರಗಸಿ ಮಾಡಿಸಿ ಕೊಂಬೆ ಸವರಿಸುತ್ತಿದ್ದ, ಮರ ಕಡಿಸಲಿಲ್ಲ. ನೆರಳು ಹೋದ ತೋಟದಲ್ಲಿ ಬೋರರ್ ಹೆಚ್ಚು ಎನ್ನುವುದು ಅವನಿಗೆ ಗೊತ್ತಿತ್ತು. ಕೇಳಿದ, ನೋಡಿದ, ಯೋಚಿಸಿದ, ಆಮೇಲೆ ಬೇಡ ಅಂದ. ಗಿಡ ಕೀಳದೆ ಕೂತಿದ್ದಾಗ ಅವನು ಯಾರನ್ನೂ ಏನೂ ಕೇಳಿರಲಿಲ್ಲ. ಎರಡೂ ಬೇಡ ಎನ್ನುವ ಮಾತೇ. ಆದರೆ ಒಂದು ಯೋಚನೆಯ ಬೇಡ, ಇನ್ನೊಂದು ಭಯದ ಬೇಡ. ಭಯ ಪ್ರಶ್ನೆ ಕೇಳುವುದಿಲ್ಲ. ದೇವದೂತ ಬಂದು ನಿನಗೊಬ್ಬ ಮಗ ಹುಟ್ಟುತ್ತಾನೆ ಅಂದಾಗ ಮರಿಯಮ್ಮ ಮೊದಲು ಕೇಳಿದ್ದು, ಅದು ಹೇಗೆ ಸಾಧ್ಯ ಅಂತ. ಕೇಳಿ, ಉತ್ತರ ಪಡೆದು, ಆಮೇಲೆ ಒಪ್ಪಿದಳು. ನಂಬಿಕೆಯವರು ಪ್ರಶ್ನೆ ಕೇಳಬಾರದು ಅನ್ನುವವರಿಗೆ ನಾನು ಈ ಹುಡುಗಿಯನ್ನು ತೋರಿಸುತ್ತೇನೆ.

ಕಾಫಿಯ ಮಾರುಕಟ್ಟೆಯ ಬಗ್ಗೆ ಹೆಚ್ಚು ಹೇಳಲು ಹೊತ್ತಿಲ್ಲ. 1942ರ ಕಾನೂನಿನಿಂದ ಹಿಡಿದು ಐವತ್ತು ವರ್ಷ ಬೆಳೆದ ಕಾಫಿಯೆಲ್ಲ ಕಾಫಿ ಮಂಡಳಿಗೆ ಹೋಗುತ್ತಿತ್ತು. 1990ರ ದಶಕದಲ್ಲಿ ಆ ಕಟ್ಟು ಸಡಿಲವಾಗಿ, 1996ರ ಹೊತ್ತಿಗೆ ಪೂರ್ತಿ ಬಿಚ್ಚಿತು. ಇನ್ನು ನಮ್ಮ ಕಾಫಿ ಕೇಳುವವರು ಯಾರು ಅಂತ ಸಣ್ಣ ಬೆಳೆಗಾರರು ಹೆದರಿದರು. ಅಷ್ಟರಲ್ಲಿ 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೆಳೆ ಹಾಳಾಗಿ ಬೆಲೆ ಏರಿತು. ಇನ್ನು ಕಷ್ಟವಿಲ್ಲ ಅಂದುಕೊಂಡರು. ದಶಕದ ಕೊನೆಗೆ ಬೆಲೆ ಪಾತಾಳಕ್ಕೆ ಬಿತ್ತು. ತೀರಾ ಈಚೆಗೆ, ಒಂದು ಮೆಟ್ಟಿಲು ಕೆಳಗಿನ ಆ ರೊಬಸ್ಟಾಕ್ಕೆ ಯಾರೂ ಕಂಡಿರದ ಬೆಲೆ ಬಂತು. ಅದನ್ನು ನೋಡಲು ಅಪ್ಪ ಇರಲಿಲ್ಲ.

ಇಲ್ಲಿಗೆ ಎರಡು ತಲೆಮಾರಿನ ಮಾತು ಮುಗಿಯಿತು. ಅಜ್ಜಿ ದಾಟಿ ನೋಡಿದಳು, ಉಳಿಯುವುದು ಉಳಿದಿತ್ತು. ಅಪ್ಪ ದಿನಕ್ಕೊಂದು ಸಾಲಿನಂತೆ ದಾಟಿದ. ಮೂರನೆಯದು ನನ್ನದು. ಅದು ಇನ್ನೂ ಮುಗಿದಿಲ್ಲ.

ನಾನು ಒಬ್ಬಳೇ ಇದ್ದೇನೆ. ಯಜಮಾನರು ತೀರಿಕೊಂಡು ಆರು ವರ್ಷ. ಮಗಳು ಬೆಂಗಳೂರಿನಲ್ಲಿ. ಮಗ ದೇಶದ ಹೊರಗೆ. ನಮ್ಮ ಸುತ್ತಿನಲ್ಲಿ ಇದೇ ಕತೆ ಮನೆಮನೆಯದು. ದೊಡ್ಡ ಅಂಗಳ, ದೊಡ್ಡ ಕಣ, ಒಳಗೆ ಇಬ್ಬರು ಮುದುಕರು, ಅಥವಾ ಒಬ್ಬರು. ಮಗಳು ಫೋನಿನಲ್ಲಿ ಕೇಳುತ್ತಾಳೆ: "ಅಮ್ಮ, ಎಷ್ಟು ದಿನ ಅಲ್ಲಿ ಒಬ್ಬಳೇ ಇರ್ತೀ? ಇಲ್ಲಿಗೆ ಬಾ." ನಾನು ಮಾತು ಮರೆಸುತ್ತೇನೆ. ಇನ್ನೊಂದು ಮಳೆ ನೋಡೋಣ ಅನ್ನುತ್ತೇನೆ. ಹಾಗಂದ ಕೂಡಲೇ ಅದು ಅಪ್ಪನ ಮಾತು ಅಂತ ಹೊಳೆಯುತ್ತದೆ. ನನ್ನದು ಯೋಚನೆಯ ಬೇಡವೋ, ಭಯದ ಬೇಡವೋ? ಪ್ರಾರ್ಥನೆಯಲ್ಲಿ ಈಗ ನಾನು ಕೇಳುವುದು ಇದೊಂದನ್ನೇ. ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ಇವತ್ತಿನ ಸಾಲು ಇವತ್ತು.

ಇವತ್ತಿನ ಸಾಲಿನಲ್ಲಿ ಏನಿದೆ ಹೇಳುತ್ತೇನೆ. ತೋಟದ ಕೆಲಸಕ್ಕೆ ಈಗ ಬರುವವರು ಉತ್ತರದ ಕಡೆಯವರು. ಅಸ್ಸಾಮಿನವರು, ಬಂಗಾಳದವರು, ಜಾರ್ಖಂಡಿನವರು. ಊರಲ್ಲಿ ಅವರ ಬಗ್ಗೆ ಒಂದು ಅಂಜಿಕೆ ಇದೆ. ಯಾರೋ ಏನೋ, ಭಾಷೆ ಬಾರದು, ನಂಬುವುದು ಹೇಗೆ ಅಂತ. ಆ ಅಂಜಿಕೆ ನನಗೂ ಇತ್ತು, ಮುಚ್ಚಿಡುವುದಿಲ್ಲ.

ಹೋದ ಕುಯ್ಲಿನ ಹೊತ್ತಿಗೆ, ಒಂದು ಭಾನುವಾರ, ಚರ್ಚಿನ ಕೊನೆಯ ಬೆಂಚಿನ ತುದಿಯಲ್ಲಿ ಒಂದು ಸಂಸಾರ ಕೂತಿತ್ತು. ಗಂಡ, ಹೆಂಡತಿ, ಐದಾರು ವರ್ಷದ ಒಂದು ಹೆಣ್ಣುಮಗು. ಜಾರ್ಖಂಡಿನ ಆದಿವಾಸಿ ಕ್ರೈಸ್ತರು. ಪೂಜೆಯ ಒಂದು ಮಾತೂ ಅವರಿಗೆ ತಿಳಿಯದು. ಏಳುವಾಗ ಎದ್ದರು, ಕೂರುವಾಗ ಕೂತರು, ತಲೆ ಬಾಗುವಾಗ ಬಾಗಿದರು. ಆ ಹೆಂಗಸು ಕೈಯಲ್ಲಿ ಜಪಮಾಲೆ ಸುತ್ತಿಕೊಂಡಿದ್ದಳು. ತುಟಿ ಬಿಗಿದುಕೊಂಡಿದ್ದಳು. ನನಗೆ ನನ್ನ ಅಜ್ಜಿಯೇ ಕಂಡಳು.

ನಾನು ಮುಂದಿನ ಸಾಲಿನಿಂದ ಎದ್ದು ಹೋಗಿ ಅವಳ ಪಕ್ಕ ಕೂತೆ. ಏನು ಮಾತಾಡಲಿ? ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಸುಮ್ಮನೆ ಕೂತಿದ್ದೆವು. ಫಾದರ್ ಕನ್ನಡದಲ್ಲಿ ಪ್ರಾರ್ಥನೆ ಮುಗಿಸಿದರು. ಚರ್ಚು ಒಟ್ಟಿಗೆ ಆಮೆನ್ ಅಂದಿತು. ಅವಳೂ ಅಂದಳು. ನನ್ನ ಕಡೆ ತಿರುಗಿ, ಮೊದಲ ಸಲ, ನಕ್ಕಳು.

ಈಗ ಆ ಮಗು ನಮ್ಮೂರ ಶಾಲೆಗೆ ಹೋಗುತ್ತಿದೆ. ಸಂಜೆ ಸ್ಲೇಟು ಹಿಡಿದು ನಮ್ಮ ಕಣಕ್ಕೆ ಬರುತ್ತದೆ. ನನ್ನನ್ನು ಅಜ್ಜಿ ಅನ್ನಲು ಕಲಿತಿದೆ. ಮೊಂತಿ ಹಬ್ಬಕ್ಕೆ ಹೂ ಅರ್ಪಿಸಲು ಒಂದು ಬುಟ್ಟಿ ಬೇಕು ಅಂತ ಈಗಲೇ ಹಟ ಹಿಡಿದಿದೆ. ನಮ್ಮ ಗದ್ದೆಯಲ್ಲಿ ಆ ಹೊತ್ತಿಗೆ ತೆನೆ ಬಂದಿರುವುದಿಲ್ಲ. ಕೆಳಗಿನಿಂದ ಒಂದು ಕಟ್ಟು ತರಲು ಹೇಳಿದ್ದೇನೆ. ಬಾರದಿದ್ದರೆ ಮನೆಯಲ್ಲಿ ಹಳೆ ಅಕ್ಕಿ ಇದೆ.